ಲಾಕ್ ಇಲ್ಲದ ನಾಲ್ಕು ಗಾಡಿ

ಮಳೆಗಾಲದ ಮೊದಲ ವಾರದಲ್ಲೇ ನಮ್ಮ ಹೊಸ ಟಿಪ್ಪರ್‌ಗಳಲ್ಲಿ ಒಂದು ಮಣ್ಣಿನ ಏರಿನ ನಟ್ಟನಡುವೆ ನಿಂತಿತು. ಕೆಟ್ಟು ನಿಂತದ್ದಲ್ಲ. ಎಂಜಿನ್ ಓಡುತ್ತಿತ್ತು, ಗೇರ್ ಬಿದ್ದಿತ್ತು, ಡ್ರೈವರ್ ಆಕ್ಸಲರೇಟರನ್ನು ತಳಕ್ಕೆ ಒತ್ತಿ ಹಿಡಿದಿದ್ದ. ಆದರೂ ಎಂಜಿನ್ನಿನ ಸದ್ದು ಏರುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುತ್ತಿತ್ತು. ಹಿಂದಿನ ಚಕ್ರಗಳು ಅರ್ಧ ಸುತ್ತು ತಿರುಗಿ ನಿಲ್ಲುತ್ತಿದ್ದವು. ಮತ್ತೆ ಅರ್ಧ ಸುತ್ತು, ಮತ್ತೆ ಸ್ತಬ್ಧ. ಅದರ ಹಿಂದೆ ಮಣ್ಣು ತುಂಬಿಕೊಂಡ ಐದು ಗಾಡಿಗಳು ಮಳೆಯಲ್ಲಿ ಸಾಲುಗಟ್ಟಿ ನಿಂತಿದ್ದವು.

ಸೇಡಂ ತಾಲ್ಲೂಕಿನಲ್ಲಿ, ಕೋಡ್ಲಾದಿಂದ ಸ್ವಲ್ಪ ದೂರದ ಸುಣ್ಣಕಲ್ಲಿನ ಗಣಿ ಅದು. ಕಲ್ಲಿನ ಮೇಲೆ ಎರಡಾಳು ಎತ್ತರ ಕರಿ ಎರೆಮಣ್ಣು. ಆ ಮಣ್ಣನ್ನು ತೆಗೆದು ದೂರದ ಗುಡ್ಡೆಗೆ ಸುರಿಯುವ ಗುತ್ತಿಗೆ ನಮ್ಮದು. ನಾನು ಆ ಗುತ್ತಿಗೆದಾರರ ವರ್ಕ್‌ಶಾಪಿನ ಇನ್‌ಚಾರ್ಜ್. ಗಾಡಿ ನಿಂತಿದೆ ಎಂದು ವೈರ್‌ಲೆಸ್ಸಿನಲ್ಲಿ ಕೇಳಿದಾಗ ನನಗೆ ಉಳಿದವರಿಗಿಂತ ಹೆಚ್ಚು ಕಸಿವಿಸಿಯಾಯಿತು. ಬೇಸಿಗೆಯಲ್ಲಿ ಆ ನಾಲ್ಕು ಗಾಡಿಗಳನ್ನು ಆರಿಸಿದವನು ನಾನೇ.

ಆರಿಸಿದ್ದಕ್ಕೆ ಕಾರಣವಿತ್ತು. ನಮ್ಮ ಹಳೆಯ ಗಾಡಿಗಳಲ್ಲಿ ಡಿಫರೆನ್ಷಿಯಲ್ ಲಾಕ್ ಇತ್ತು. ಹಿಂದಿನ ಎರಡು ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹಂಚುವ ಡಿಫರೆನ್ಷಿಯಲ್ ಸಾಮಾನ್ಯವಾಗಿ ಆ ಶಕ್ತಿಯನ್ನೆಲ್ಲ ಸುಲಭವಾಗಿ ತಿರುಗುವ ಚಕ್ರಕ್ಕೆ ಬಿಟ್ಟುಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತಿದರೆ ಇನ್ನೊಂದು ಕದಲುವುದೇ ಇಲ್ಲ. ಲಾಕ್ ಹಾಕಿದರೆ ಎಡದ ಚಕ್ರ, ಬಲದ ಚಕ್ರ ಎರಡೂ ಕಟ್ಟಿಹಾಕಿದಂತೆ ಒಟ್ಟಿಗೇ ತಿರುಗುತ್ತವೆ, ಗಾಡಿ ಕೆಸರು ಬಿಟ್ಟು ಏಳುತ್ತದೆ. ಆದರೆ ಗಟ್ಟಿ ಕಲ್ಲಿನ ನೆಲಕ್ಕೆ ಬಂದಮೇಲೆ ಆ ಲಾಕ್ ತೆಗೆಯಬೇಕು. ತೆಗೆಯದೆ ತಿರುವಿದರೆ ಹೊರಗಿನ ಚಕ್ರಕ್ಕೂ ಒಳಗಿನ ಚಕ್ರಕ್ಕೂ ಜಗ್ಗಾಟ ಬಿದ್ದು ಎಲ್ಲೋ ಒಂದು ಕಡೆ ಕಬ್ಬಿಣ ಮುರಿಯುತ್ತದೆ. ಹಿಂದಿನ ವರ್ಷ ಹೀಗೆ ಮರೆತು ತಿರುವಿದ ಗಾಡಿಗಳಿಂದ ಮುರಿದ ಮೂರು ಆಕ್ಸಲ್ ಶಾಫ್ಟ್ ಮತ್ತು ಡಿಫರೆನ್ಷಿಯಲ್ಲಿನ ಒಂದು ದೊಡ್ಡ ಹಲ್ಲುಚಕ್ರ ಬಿಚ್ಚಿ ಹಾಕಿದ್ದೆ. ಅದೇ ಹೊಸ ಗಾಡಿಗಳಲ್ಲಿ ಡ್ರೈವರನಿಗೆ ನೆನಪಿಡುವ ಕೆಲಸವಿಲ್ಲ. ಯಾವ ಚಕ್ರ ಜಾರುತ್ತಿದೆ ಎಂದು ಸೆನ್ಸರ್ ನೋಡಿಕೊಳ್ಳುತ್ತದೆ. ಆ ಒಂದು ಚಕ್ರಕ್ಕೆ ಕಂಪ್ಯೂಟರ್ ತಾನೇ ಬ್ರೇಕ್ ಹಾಕುತ್ತದೆ, ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ. ತೀರ ಜಾರಿದರೆ ಎಂಜಿನ್ನಿನ ಜೋರನ್ನೂ ಇಳಿಸುತ್ತದೆ. ಕಾಗದದ ಮೇಲೆ ಓದಿದಾಗ ಇದಕ್ಕಿಂತ ಒಳ್ಳೆಯದು ಏನಿದೆ ಅನ್ನಿಸಿತ್ತು.

ಆಗ ಬೇಡ ಎಂದವರು ಒಬ್ಬರೇ. ನಮ್ಮಲ್ಲಿನ ಹಿರಿಯ ಡ್ರೈವರ್, ಕುರಕುಂಟಾದವರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ. ಮೊದಲು ಊರಲ್ಲಿ ಟ್ರ್ಯಾಕ್ಟರ್ ಹೊಡೆದು, ಆಮೇಲೆ ಲಾರಿ, ಆಮೇಲೆ ಗಣಿ. ಹೊಸ ಗಾಡಿ ಬಂದ ದಿನ ಕ್ಯಾಬಿನ್ ಹತ್ತಿ, ಲಾಕಿನ ಸ್ವಿಚ್ ಇರಬೇಕಾದ ಜಾಗದಲ್ಲಿ ಮುಚ್ಚಿದ್ದ ಪ್ಲಾಸ್ಟಿಕ್ ಬಿಲ್ಲೆಯನ್ನು ಬೆರಳಿಂದ ತಟ್ಟಿ ನೋಡಿದ್ದರು.

“ಇಲ್ಲಿ ಏನೂ ಇಲ್ಲಲ್ಲರಿ ಸಾಹೇಬ್ರ.”

“ಬೇಕಾಗಿಲ್ಲ ಕಾಕಾ. ಅದು ತಾನೇ ನೋಡ್ಕೋತದ.”

“ಅದು ನೋಡ್ಕೋತದ ಖರೇರಿ. ನಮ್ಮ ಯರಿ ಮಣ್ಣ ಅದು ಎಲ್ಲಿ ನೋಡ್ಯಾದ?”

ಹಿಂದಿನ ವರ್ಷ ಮುರಿದ ಶಾಫ್ಟ್‌ಗಳನ್ನು ನೆನಪಿಸಿದೆ. ಅವರು ಸಿಟ್ಟಾಗಲಿಲ್ಲ. “ಮೂರರಾಗ ನಾ ಮುರಿದದ್ದು ಒಂದೂ ಇಲ್ಲ, ನಿಮಗ ಗೊತ್ತದ” ಎಂದು ಇಳಿದು ಹೋದರು. ಅದು ನಿಜವಾಗಿತ್ತು.

ಏರಿನಲ್ಲಿ ನಿಂತ ಗಾಡಿಯನ್ನು ಅಂದು ಡೋಜರಿನಿಂದ ಎಳೆಸಿದೆವು. ಮರುದಿನ ಎರಡು ನಿಂತವು. ನಾನು ಲ್ಯಾಪ್‌ಟಾಪ್ ಜೋಡಿಸಿ ಗಾಡಿಯ ಜೊತೆಗೇ ಏರು ಹತ್ತಿದೆ. ಪರದೆಯ ಮೇಲೆ ನಾಲ್ಕು ಚಕ್ರದ ವೇಗವೂ ಕಾಣುತ್ತಿತ್ತು. ಮೊದಲು ಎಡದ್ದು ಜಾರಿತು, ಬ್ರೇಕ್ ಬಿತ್ತು, ಶಕ್ತಿ ಬಲಕ್ಕೆ ಹೋಯಿತು. ಅಲ್ಲಿಯತನಕ ಪುಸ್ತಕದಲ್ಲಿ ಬರೆದಂತೆಯೇ. ಆದರೆ ಬಲದ ಚಕ್ರದ ಕೆಳಗೂ ಅದೇ ಎರೆ. ಅದೂ ಜಾರಿತು. ಎರಡಕ್ಕೂ ಬ್ರೇಕ್ ಬಿತ್ತು, ಎಂಜಿನ್ ತಗ್ಗಿತು, ಹತ್ತೊಂಬತ್ತು ಟನ್ ಮಣ್ಣು ಹೊತ್ತ ಗಾಡಿ ಏರಿನಲ್ಲಿ ತನ್ನ ಓಟ ಕಳೆದುಕೊಂಡಿತು. ಎರೆಯಲ್ಲಿ ಒಮ್ಮೆ ಓಟ ಹೋದರೆ ಮತ್ತೆ ಬರುವುದಿಲ್ಲ. ಅಲ್ಲಿ ಚಕ್ರ ಸ್ವಲ್ಪ ಸುತ್ತಬೇಕು, ಟೈರಿನ ಗೀರುಗಳಿಗೆ ಮೆತ್ತಿದ ಮಣ್ಣನ್ನು ಹಾರಿಸಿಕೊಳ್ಳಬೇಕು, ಕೆರೆಯುತ್ತ ಮೇಲೇರಬೇಕು. ಕಂಪ್ಯೂಟರಿಗೆ ಸುತ್ತುವ ಚಕ್ರವೆಂದರೆ ತಪ್ಪು ಮಾತ್ರ.

ಐದಾರು ಸಲ ಪ್ರಯತ್ನಿಸಿದ ಮೇಲೆ ಬ್ರೇಕುಗಳು ಕಾದು, ವ್ಯವಸ್ಥೆ ತನ್ನನ್ನು ತಾನೇ ಸ್ವಲ್ಪ ಹೊತ್ತು ಬಂದ್ ಮಾಡಿಕೊಂಡಿತು. ಅದರ ಮೇಲೆ ಸೆನ್ಸರುಗಳಿಗೆ ಮಣ್ಣು ಮೆತ್ತಿ ಸುಳ್ಳು ಲೆಕ್ಕ ಕೊಡುತ್ತಿದ್ದವು. ನಮ್ಮ ಎಲೆಕ್ಟ್ರಿಷಿಯನ್ ಚಿತ್ತಾಪುರದ ಹೆಣ್ಣುಮಗಳು, ಎಂಟು ವರ್ಷದಿಂದ ಇದೇ ಕೆಲಸದಲ್ಲಿದ್ದವಳು. ಪ್ರತಿ ಪಾಳಿಗೆ ಗಾಡಿಯಡಿ ಹೋಗಿ ಸೆನ್ಸರುಗಳನ್ನು ಬ್ರಷ್ಷಿನಿಂದ ಉಜ್ಜಿ, ಒರೆಸಿ ಬರುತ್ತಿದ್ದಳು. ಎರಡು ಟ್ರಿಪ್ ಆಗುವಷ್ಟರಲ್ಲಿ ಮತ್ತೆ ಮೊದಲಿನಂತೆ.

ಒಂದು ಭಾನುವಾರ ಗಣಿ ಬಂದ್ ಇದ್ದಾಗ ನಾನು, ಕಾಕಾ, ಆಕೆ ಮೂವರೇ ಪರೀಕ್ಷೆ ಮಾಡಿದೆವು. ಹಳೆಯ ಗಾಡಿ ಒಂದು, ಹೊಸದು ಒಂದು. ಎರಡಕ್ಕೂ ಒಂದೇ ತೂಕ, ಒಂದೇ ಏರು, ಎರಡನ್ನೂ ಹೊಡೆದವರು ಕಾಕಾ. ಹಳೆಯ ಗಾಡಿ ಲಾಕ್ ಹಾಕಿ ಗುರುಗುಟ್ಟುತ್ತ, ಹಿಂಬದಿಯನ್ನು ಅತ್ತಿತ್ತ ಆಡಿಸುತ್ತ ನಿಲ್ಲದೆ ಮೇಲೇರಿತು. ಹೊಸದು ಮೂರು ಸಲವೂ ಅರ್ಧದಲ್ಲಿ ನಿಂತಿತು. ಆಮೇಲೆ ಎರಡನ್ನೂ ಕೆಳಗಿನ ಕಲ್ಲಿನ ನೆಲಕ್ಕೆ ತಂದೆವು. ಅಲ್ಲಿ ಸುಣ್ಣದ ರಾಡಿಯ ಮೇಲೆ ಜೋರಾಗಿ ಬಂದು ಬ್ರೇಕ್ ತುಳಿಯಲು ಹೇಳಿದೆ. ಹಳೆಯದಕ್ಕೆ, ಬ್ರೇಕ್ ಬಿದ್ದಾಗ ಚಕ್ರ ತಿರುಗದೆ ಹಿಡಿದುಕೊಳ್ಳದಂತೆ ಕಾಯುವ ಕಂಪ್ಯೂಟರ್ ಇರಲಿಲ್ಲ. ಅದು ಹಿಂಬದಿ ತಿರುಗಿಸಿಕೊಂಡು ಅಡ್ಡಡ್ಡ ಜಾರಿತು. ಹೊಸದು ಕಟಕಟ ಎಂದು ಬ್ರೇಕ್ ಹಾಕಿ ಬಿಟ್ಟು, ಹಾಕಿ ಬಿಟ್ಟು, ನೆಟ್ಟಗೆ ನಿಂತಿತು.

ಕಾಕಾ ಇಳಿದು ಬಂದು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹಿಂಡಿದರು. “ಏರಲಿಕ್ಕ ಅದು ಚೊಲೊ, ಇಳಿಲಿಕ್ಕ ಇದು ಚೊಲೊ. ಎರಡೂ ಒಂದೇ ಗಾಡ್ಯಾಗ ಇದ್ರ ಮುಗೀತಿತ್ತರಿ.”

ಎರಡೂ ಇರುವ ಗಾಡಿ ಸಿಗುತ್ತಿತ್ತು. ಆರ್ಡರ್ ಮಾಡುವಾಗ ಕೇಳಬೇಕಿತ್ತು. ನಾನು ಕೇಳಿರಲಿಲ್ಲ. ಕೆಸರಿಗೆ ಬೇಕಾದಾಗ ಚಕ್ರವನ್ನು ಒಂದಿಷ್ಟು ಸುತ್ತಲು ಬಿಡುವ ಸ್ವಿಚ್ ಕೂಡ ಬೇಡವೆಂದು ಬಿಟ್ಟಿದ್ದೆ, ಡ್ರೈವರುಗಳು ಅದನ್ನು ಸದಾ ಒತ್ತಿಯೇ ಇಡುತ್ತಾರೆಂದು. ಕಲಬುರಗಿಯ ಡೀಲರಿಗೆ ಫೋನ್ ಮಾಡಿದೆ. ಲಾಕ್ ಕೂರಿಸಬೇಕೆಂದರೆ ಹಿಂದಿನ ಆಕ್ಸಲ್ಲಿನ ಒಳಭಾಗ ಪೂರ್ತಿ ಬದಲಿಸಬೇಕು, ಸಾಮಾನು ಬರಲು ಮಳೆಗಾಲ ಮುಗಿಯುತ್ತದೆ ಎಂದರು. ನಮ್ಮ ಗುತ್ತಿಗೆಯ ಕೆಲಸವನ್ನೆಲ್ಲ ನಡೆಸುತ್ತಿದ್ದ ಸೈಟ್ ಇನ್‌ಚಾರ್ಜರಿಗೆ ವಿಷಯ ಹೇಳಿದೆ: ಹೊಸ ನಾಲ್ಕನ್ನೂ ಕೆಳಗೆ ಕಲ್ಲು ಸಾಗಿಸಲು ಕೊಡೋಣ, ಮಣ್ಣಿಗೆ ಹಳೆಯವೇ ಹೋಗಲಿ. ಅವರು ಗಣಿಯ ನಕ್ಷೆ ನೋಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

“ಕಲ್ಲಿಗಿ ಬ್ಯಾರೆ ಗುತ್ತಿಗೆ ಅದರಿ. ನಮಗ ಮಣ್ಣಷ್ಟೇ. ಹಳೇವು ಮೂರು ಗಾಡ್ಯಾಗ ಎಷ್ಟ ಮಣ್ಣ ತಗೀತೀರಿ? ಮಣ್ಣ ಸರೀಲಿಲ್ಲಂದ್ರ ಕೆಳಗ ಕಲ್ಲಿನ ಕೆಲಸ ನಿಲ್ತದ. ಗಾಡಿ ಆರಿಸಿದವರು ನೀವ. ಏರಿಸೂದು ಹ್ಯಾಂಗಂತ ನೀವ ನೋಡ್ರಿ.”

ಅದಾದ ಎರಡು ದಿನಕ್ಕೆ ಕಾಕಾ ಓಡಿಸುತ್ತಿದ್ದ ಹೊಸ ಗಾಡಿ ಯಾವ ತಕರಾರೂ ಇಲ್ಲದೆ ಏರು ಹತ್ತಿದ್ದನ್ನು ಕಂಡೆ. ಹಿಂದಿನ ಚಕ್ರಗಳು ಮಣ್ಣನ್ನು ಮಾರು ಎತ್ತರ ಹಾರಿಸುತ್ತಿದ್ದವು. ಗಾಡಿ ಖಾಲಿಯಾಗಿ ಬಂದಾಗ ಕ್ಯಾಬಿನ್ ಹತ್ತಿ ನೋಡಿದೆ. ಫ್ಯೂಜ್ ಬಾಕ್ಸಿನ ಮುಚ್ಚಳ ತೆರೆದಿತ್ತು. ಒಂದು ಫ್ಯೂಜ್ ಇರಲಿಲ್ಲ.

“ಇದು ತಗದ್ರ ಕಂಪ್ಯೂಟರ್ ಸುಮ್ಕಾಗ್ತದರಿ” ಎಂದರು ಕಾಕಾ. “ಎಂಜಿನ್ ಕಟ್ ಆಗಂಗಿಲ್ಲ. ಬಾಕಿ ನಾ ಕಾಲಾಗ ನೋಡ್ಕೋತೀನಿ.”

“ಬ್ರೇಕಿನ ಎ.ಬಿ.ಎಸ್. ಕೂಡ ಅದರ ಮ್ಯಾಗೇ ಅದ ಕಾಕಾ. ಇಳಿಯೋವಾಗ ಚಕ್ರ ಹಿಡಕೊಂಡ್ರ?”

“ಹಳೇ ಗಾಡ್ಯಾಗ ಅದು ಎಲ್ಲಿತ್ತರಿ? ಇಷ್ಟ ವರ್ಷ ಇಳಿಸಿಲ್ಲೇನು?”

ಅವರ ಕೈಯಿಂದ ಫ್ಯೂಜ್ ಇಸಿದುಕೊಂಡು ಮತ್ತೆ ಕೂರಿಸಿದೆ. ಮುಂದಿನ ಟ್ರಿಪ್ಪಿನಲ್ಲಿ ಗಾಡಿ ಅರ್ಧದಲ್ಲಿ ನಿಂತಿತು. ಅದರ ಹಿಂದೆ ಸಾಲು ಬೆಳೆಯಿತು. ಸೈಟ್ ಇನ್‌ಚಾರ್ಜ್ ವೈರ್‌ಲೆಸ್ಸಿನಲ್ಲಿ ನನ್ನ ಹೆಸರು ಕರೆಯತೊಡಗಿದರು. ಎಲ್ಲ ಡ್ರೈವರುಗಳಿಗೂ ಅದು ಕೇಳಿಸುತ್ತಿತ್ತು.

ಆ ಸಂಜೆ ನಾನು ಮಾಡಿದ ನಿರ್ಧಾರವನ್ನು ಯಾರೂ ನನ್ನಿಂದ ಬಲವಂತವಾಗಿ ಮಾಡಿಸಲಿಲ್ಲ. ಏರಿನ ಬುಡದಲ್ಲಿ ಫ್ಯೂಜ್ ತೆಗೆಯುವುದು, ಮೇಲೆ ಮಣ್ಣು ಸುರಿದ ಕೂಡಲೇ ಹಾಕಿಕೊಂಡು ಇಳಿಯುವುದು. ಮಳೆ ಇದ್ದ ದಿನ ಮಾತ್ರ. ಇಷ್ಟು ಎಂದು ಮನಸ್ಸಿನಲ್ಲೇ ಒಂದು ಪದ್ಧತಿ ಮಾಡಿಕೊಂಡೆ. ಎಲೆಕ್ಟ್ರಿಷಿಯನ್ ಹೆಣ್ಣುಮಗಳನ್ನು ಕರೆದು, ಫ್ಯೂಜ್ ಸುಲಭವಾಗಿ ಕೈಗೆ ಬರುವಂತೆ ನಾಲ್ಕೂ ಗಾಡಿಗಳ ಬಾಕ್ಸ್ ಸರಿಮಾಡಿ ಕೊಡು ಎಂದೆ.

ಆಕೆ ಕೈ ಒರೆಸಿಕೊಳ್ಳುತ್ತ ನಿಂತಳು. “ನಾ ಮಾಡಂಗಿಲ್ಲ ಸರ್.”

“ಯಾಕ ತಂಗಿ? ಮ್ಯಾಗ ಹೋಗಿ ಮತ್ತ ಹಾಕ್ತಾರ.”

“ದಿನಕ್ಕ ಇಪ್ಪತ್ತ ಸಲ ಹಾಕ್ತಾರೇನ್ರಿ? ಮಳ್ಯಾಗ, ಕೆಸರಗೈಲೆ? ಎರಡ ದಿನ ಹಾಕ್ತಾರ, ಮೂರನೇ ದಿನ ಬಿಡ್ತಾರ. ಬ್ರೇಕಿನ ಕೆಲಸ ಅದು. ನನ್ನ ಕೈಲೆ ಆಗಂಗಿಲ್ಲ.”

ನಾನು ಜಗಳ ಮಾಡಲಿಲ್ಲ. ಆಕೆ ಹೇಳಿದ್ದು ಸರಿ ಎಂದು ಗೊತ್ತಿದ್ದುದರಿಂದಲೇ ಮಾತು ಬೆಳೆಸಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ನಾನೇ ಒಂದೊಂದು ಕ್ಯಾಬಿನ್ ಹತ್ತಿ ಆ ಕೆಲಸ ಮುಗಿಸಿದೆ. ಮರುದಿನ ಬೆಳಗಿನ ಪಾಳಿಯಲ್ಲಿ ಡ್ರೈವರುಗಳನ್ನು ನಿಲ್ಲಿಸಿ, ಯಾವ ಫ್ಯೂಜ್, ಎಲ್ಲಿ ತೆಗೆಯಬೇಕು, ಎಲ್ಲಿ ಹಾಕಬೇಕು ಎಂದು ಬಾಯಲ್ಲಿ ಹೇಳಿದೆ. ಎಲ್ಲಿಯೂ ಬರೆದಿಡಲಿಲ್ಲ. ಬರೆದಿಡದೆ ಇದ್ದದ್ದು ಮರೆವಿನಿಂದಲ್ಲ.

ಹನ್ನೊಂದು ದಿನ ಕೆಲಸ ಸುಗಮವಾಗಿ ನಡೆಯಿತು. ಸೈಟ್ ಇನ್‌ಚಾರ್ಜ್ ಒಮ್ಮೆ ವರ್ಕ್‌ಶಾಪಿಗೆ ಬಂದು ಚಹಾ ಕುಡಿದು ಹೋದರು. ನಾನು ಎರಡು ಮೂರು ಸಲ ಗುಡ್ಡೆಯ ಮೇಲೆ ನಿಂತು ಡ್ರೈವರುಗಳು ಫ್ಯೂಜ್ ಹಾಕಿಕೊಳ್ಳುತ್ತಾರೋ ಇಲ್ಲವೋ ನೋಡಿದೆ. ನಾನು ನಿಂತಾಗ ಹಾಕಿಕೊಳ್ಳುತ್ತಿದ್ದರು.

ಹನ್ನೆರಡನೆಯ ದಿನ ಮಧ್ಯಾಹ್ನ ಚಿಂಚೋಳಿ ಕಡೆಯಿಂದ ಮೋಡ ಇಳಿದು ಸಣ್ಣ ಜಿನುಗು ಹತ್ತಿತು. ಜೋರು ಮಳೆ ಬಂದರೆ ನಾವು ಗಾಡಿ ನಿಲ್ಲಿಸುತ್ತಿದ್ದೆವು. ಜಿನುಗಿಗೆ ನಿಲ್ಲಿಸುತ್ತಿರಲಿಲ್ಲ. ಆದರೆ ಜಿನುಗೇ ಕೆಟ್ಟದ್ದು. ಅದು ಮಣ್ಣನ್ನು ತೊಳೆಯುವುದಿಲ್ಲ, ಮೇಲಿನ ಒಂದು ಬೆರಳು ದಪ್ಪವನ್ನು ಬೆಣ್ಣೆ ಮಾಡುತ್ತದೆ. ಕೆಳಗೆ ಡೋಜರ್ ಕುಟ್ಟಿದ ಗಟ್ಟಿ ದಾರಿ, ಮೇಲೆ ಆ ಬೆಣ್ಣೆ.

ನಾಲ್ಕು ಗಂಟೆಯ ಸುಮಾರಿಗೆ ವೈರ್‌ಲೆಸ್ಸಿನಲ್ಲಿ ಯಾರೋ ಕಿರುಚಿದರು. ನಾನು ಜೀಪಿನಲ್ಲಿ ಹೋಗುವಷ್ಟರಲ್ಲಿ ಜನ ಗುಡ್ಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಖಾಲಿ ಗಾಡಿ ಇಳಿಯುವಾಗ ತಿರುವಿನಲ್ಲಿ ಹಿಂಬದಿ ಹೊರಳಿಸಿಕೊಂಡು, ಅಂಚಿನ ಒಡ್ಡನ್ನು ಒಡೆದು, ಮೂರಾಳು ಕೆಳಗೆ ಬಲಮಗ್ಗುಲಿಗೆ ಬಿದ್ದಿತ್ತು. ಜಾರಿದ ಗುರುತು ದಾರಿಯ ಮೇಲೆ ಎರಡು ನುಣುಪು ಪಟ್ಟಿಗಳಾಗಿ ಕಾಣುತ್ತಿತ್ತು. ಉರುಳಿದ ಚಕ್ರದ ಗುರುತಿನಲ್ಲಿ ಟೈರಿನ ಅಚ್ಚು ಇರುತ್ತದೆ. ಹಿಡಿದುಕೊಂಡ ಚಕ್ರದ ಗುರುತಿನಲ್ಲಿ ಇರುವುದಿಲ್ಲ. ಇಳಿದು ಹತ್ತಿರ ಹೋಗುವ ಮೊದಲೇ ನನಗೆ ಏನಾಗಿದೆ ಎಂಬುದು ಗೊತ್ತಾಗಿತ್ತು. ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಕಾಕಾ ಎಚ್ಚರದಲ್ಲಿದ್ದರು. ಬಲಗಾಲು ಪೆಡಲಿಗೂ ಒಳಕ್ಕೆ ಮಡಚಿಕೊಂಡ ಬಾಗಿಲಿಗೂ ನಡುವೆ ಸಿಕ್ಕಿತ್ತು. ಗಾಡಿ ಇನ್ನೂ ಹೊರಳಬಾರದೆಂದು ಎಕ್ಸ್‌ಕವೇಟರಿನ ಬಕೆಟ್ಟನ್ನು ಅದಕ್ಕೆ ಆನಿಸಿ ಹಿಡಿಸಿದೆ. ಡೀಸೆಲ್ ಸೋರುತ್ತಿದ್ದುದರಿಂದ ಗ್ಯಾಸ್ ಕಟರ್ ಹಚ್ಚುವಂತಿರಲಿಲ್ಲ. ಬ್ಯಾಟರಿಯ ವೈರ್ ಬಿಚ್ಚಿ, ಕೈಜ್ಯಾಕುಗಳನ್ನು ಸಿಕ್ಕಿಸಿ ಬಾಗಿಲಿನ ಕಂಬವನ್ನು ಅಷ್ಟಷ್ಟೇ ಹಿಗ್ಗಿಸಬೇಕಾಯಿತು. ಒಂದು ಜ್ಯಾಕ್ ಕೆಸರಿನಲ್ಲಿ ಹೂತಿತು, ಅದರಡಿ ಚಪ್ಪಡಿಯಂಥ ಪರಸಿ ಕಲ್ಲು ತಂದು ಹಾಕಿದೆವು. ಎಲೆಕ್ಟ್ರಿಷಿಯನ್ ಒಡೆದ ಗಾಜಿನ ಕಡೆಯಿಂದ ಒಳಗೆ ತೂರಿ ಅವರ ತಲೆ ಹಿಡಿದು ಕೂತಿದ್ದಳು. ಒಂದೂ ಮುಕ್ಕಾಲು ಗಂಟೆ.

ನಡುವೆ ಒಮ್ಮೆ ಕಾಕಾ ನನ್ನನ್ನು ಕರೆದರು. ದನಿ ತೀರ ಸಣ್ಣದಾಗಿತ್ತು.

“ಸಾಹೇಬ್ರ, ಫ್ಯೂಜ್ ಕಿಸೆದಾಗ ಅದರಿ.”

“ಇರಲಿ ಕಾಕಾ. ಮಾತಾಡಬ್ಯಾಡ್ರಿ.”

“ಮರ್ತಿದ್ದಿಲ್ಲ. ಮತ್ತ ಈಗೇ ಏರಬೇಕಲ್ಲ ಅಂತ ಬಿಟ್ಟೆ.”

ಆಂಬ್ಯುಲೆನ್ಸ್ ಗಣಿಯ ಗೇಟಿನಲ್ಲೇ ನಿಂತಿತ್ತು, ಒಳಗಿನ ಕೆಸರಿಗೆ ಅದು ಬರಲಾರದು. ಅವರನ್ನು ಹಳೆಯ ಟಿಪ್ಪರಿನ ತೊಟ್ಟಿಯಲ್ಲಿ ಹಾಸಿಗೆ ಹಾಸಿ ಮಲಗಿಸಿ ಗೇಟಿನ ತನಕ ತಂದೆವು. ಕಲಬುರಗಿಯಲ್ಲಿ ಮರುದಿನ ಬೆಳಿಗ್ಗೆ ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು.

ವಿಚಾರಣೆಗೆ ಗಣಿ ಸುರಕ್ಷತೆಯ ಅಧಿಕಾರಿ ಬರಲು ಇನ್ನೂ ಮೂರು ದಿನ ಇತ್ತು. ಸೈಟ್ ಇನ್‌ಚಾರ್ಜ್ ನನ್ನನ್ನು ಕರೆದು ಬಾಗಿಲು ಮುಚ್ಚಿದರು. ಅವರ ಮುಖವೂ ಬಿಳಿಚಿಕೊಂಡಿತ್ತು. ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಅವರೇ ಓಡಾಡಿದ್ದರು.

“ಫ್ಯೂಜ್ ಅವರ ಕಿಸೆದಾಗ ಸಿಕ್ಕದ. ಡ್ರೈವರ್ ತಾನೇ ತಗದಾನ ಅಂತ ಬರೀರಿ. ಸುಳ್ಳಲ್ಲಲ್ಲ?”

“ತಗೀರಿ ಅಂತ ಹೇಳಿದಾಂವ ನಾ.”

“ಯಾವ ರಿಜಿಸ್ಟರ್ದಾಗ ಅದ?”

ನಾನು ಬಾಗಿಲು ತೆಗೆದೆ. ಹೊರಗೆ ಬಂದಾಗ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಒಬ್ಬಳೇ ಇದ್ದಳು. ಆಕೆಗೆ ವಿಷಯ ಹೇಗೆ ತಿಳಿದಿತ್ತೋ.

“ನಾ ಯಾರ ಬಲ್ಲಿ ಹೋಗಿ ಹೇಳಂಗಿಲ್ಲ ಸರ್” ಎಂದಳು, ಕೆಲಸದಿಂದ ಕಣ್ಣು ತೆಗೆಯದೆ. “ಆದ್ರ ನನ್ನ ಕರೆದು ಕೇಳಿದ್ರ, ನೋಡಿದ್ದು ನೋಡಿದಂಗ ಹೇಳ್ತೀನಿ.”

ಹಾಗಾಗಿ ಮುಂದೆ ನಾನು ಮಾಡಿದ್ದು ಪೂರ್ತಿ ನನ್ನ ಆತ್ಮಸಾಕ್ಷಿಯ ಕೆಲಸ ಎಂದು ಹೇಳಿಕೊಳ್ಳಲಾರೆ. ಆಕೆ ಆ ಮಾತು ಆಡದಿದ್ದರೆ ಏನು ಬರೆಯುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಹಾಳೆ ಬರೆದೆ. ಗಾಡಿ ಆರಿಸುವಾಗ ಏನು ಬಿಟ್ಟೆ, ಭಾನುವಾರದ ಪರೀಕ್ಷೆಯಲ್ಲಿ ಏನು ಕಂಡೆ, ಇಳಿಜಾರಿನಲ್ಲಿ ಫ್ಯೂಜ್ ಇಲ್ಲದ ಗಾಡಿ ಏನಾಗಬಹುದೆಂದು ತಿಳಿದೂ ತಿಳಿದೂ ಯಾರು ಆ ಪದ್ಧತಿ ಮಾಡಿದರು, ಬಾಕ್ಸುಗಳನ್ನು ಯಾರು ತೆರೆದಿಟ್ಟರು. ಅಧಿಕಾರಿ ಅದನ್ನು ಎರಡು ಸಲ ಓದಿ, “ಪ್ರತಿ ಹಾಳೆಗೂ ಸಹಿ ಮಾಡ್ರಿ” ಎಂದರು, ಅಷ್ಟೇ.

ನನ್ನನ್ನು ಆ ವಾರವೇ ಕೆಲಸದಿಂದ ತೆಗೆದರು. ಸೈಟ್ ಇನ್‌ಚಾರ್ಜರನ್ನು ಬೇರೆ ಕಡೆ ಹಾಕಿದರು. ಕಾಕಾ ಅವರ ತಪ್ಪು ಎಂದು ಯಾವ ಕಾಗದದಲ್ಲೂ ಬರಲಿಲ್ಲ, ಪರಿಹಾರಕ್ಕೆ ಅಡ್ಡಿಯಾಗಲಿಲ್ಲ. ಅಪಘಾತವಾದದ್ದನ್ನು ಬಿಟ್ಟು ಉಳಿದ ಮೂರು ಹೊಸ ಗಾಡಿಗಳು ಈಗ ವಾಡಿ ಕಡೆ ಒಂದು ಕಲ್ಲಿನ ಗಣಿಯಲ್ಲಿ ಓಡುತ್ತಿವೆ. ಅಲ್ಲಿ ಎರೆಮಣ್ಣಿಲ್ಲ. ಕಲ್ಲಿನ ನೆಲದ ಮೇಲೆ ಒಂದು ಚಕ್ರ ರಾಡಿಗೆ ಬಿದ್ದರೂ ಇನ್ನೊಂದು ಹಿಡಿದು ಎತ್ತುತ್ತದಂತೆ, ಒಂದು ಶಾಫ್ಟೂ ಮುರಿದಿಲ್ಲವಂತೆ. ಗಾಡಿಗಳು ಕೆಟ್ಟವಾಗಿರಲಿಲ್ಲ. ನಾನು ಈಗ ಶಹಾಬಾದಿನಲ್ಲಿ ಒಂದು ಸಣ್ಣ ಗ್ಯಾರೇಜಿನಲ್ಲಿ ಟ್ರ್ಯಾಕ್ಟರುಗಳ ಕೆಲಸ ಮಾಡುತ್ತೇನೆ.

ತೊಗರಿ ಹೂ ಬಿಟ್ಟ ದಿನಗಳಲ್ಲಿ ಕುರಕುಂಟಾಕ್ಕೆ ಹೋದೆ. ಅದಕ್ಕೆ ಮುಂಚೆಯೂ ಎರಡು ಸಲ ಹೋಗಿದ್ದೆ, ಆಗೆಲ್ಲ ಕಾಕಾ ಹೆಚ್ಚು ಮಾತಾಡಿರಲಿಲ್ಲ. ಈ ಸಲ ಪಡಸಾಲೆಯಲ್ಲಿ ಬುದ್ಧನ ಫೋಟೊದ ಕೆಳಗೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. “ಬರ್ರಿ, ಕುಂದ್ರಿ” ಎಂದರು. ಅವರ ಹೆಂಡತಿ ನೀರು ತಂದಿಟ್ಟರು. ಗಣಿಯ ಸುದ್ದಿ, ಮಳೆಯ ಸುದ್ದಿ ಮುಗಿಯಿತು. ಆಮೇಲೆ ಅವರು ಬಹಳ ದಿನದಿಂದ ಎತ್ತಿಟ್ಟುಕೊಂಡಿದ್ದ ಮಾತನ್ನು ಕೇಳಿದರು.

“ಒಂದ ಖರೇ ಹೇಳ್ರಿ ಸಾಹೇಬ್ರ. ಆ ಗಾಡ್ಯಾಗ ಲಾಕ್ ಇದ್ದಿದ್ರ ನನ್ನ ಕಾಲು ಉಳೀತಿತ್ತೇನ್ರಿ?”

ಹೌದು ಎನ್ನುವುದು ಸುಲಭವಿತ್ತು. ಅವರು ಮೊದಲಿಂದ ಹೇಳಿದ್ದೇ ಸರಿ ಎಂದಾಗುತ್ತಿತ್ತು. ಆದರೆ ಎದುರಿಗಿದ್ದವರು ಅಷ್ಟು ವರ್ಷ ಗಾಡಿ ಓಡಿಸಿದವರು.

“ಇಳಿಯೋವಾಗ ಲಾಕ್ ಏನೂ ಮಾಡ್ತಿದ್ದಿಲ್ಲ ಕಾಕಾ. ಆ ಜಾರಿಕ್ಯಾಗ ಉಳಿಸಿದ್ರ ಕಂಪ್ಯೂಟರೇ ಉಳಿಸ್ತಿತ್ತು. ಆದ್ರ ಲಾಕ್ ಇದ್ದಿದ್ರ ಫ್ಯೂಜ್ ತಗಿಯೋ ಕೆಲಸಾನೇ ಬರ್ತಿದ್ದಿಲ್ಲ.”

“ಹಂಗಾದ್ರ ನಂದೂ ಅರ್ಧ ಆಯ್ತು” ಎಂದರು.

“ನಿಮ್ದಲ್ಲ ಕಾಕಾ.”

“ಇರಲಿ ಬಿಡ್ರಿ. ಅರ್ಧ ಇರಲಿ.” ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಎದ್ದೆ.

ಅವರ ಹೆಂಡತಿ ಅಂಗಳದ ತನಕ ಬಂದರು. ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು.

“ನೀವು ಒಳ್ಳೇವರದೀರಿ, ಖರೇ ಬರದೀರಿ ಅಂತ ಎಲ್ಲಾರೂ ಹೇಳ್ತಾರ. ಸಿಟ್ಟಾಗಬ್ಯಾಡ್ರಿ. ಇನ್ನ ನೀವು ಬರಬ್ಯಾಡ್ರಿ.”

ನಾನು ನಿಂತೆ.

“ನೀವು ಬಂದು ಹೋದ ದಿನ ಅವರು ನಿದ್ದ್ಯಾಗ ಗಾಡಿ ಹೊಡೀತಾರ್ರಿ. ಇಲ್ಲದ ಕಾಲಲೆ ಬ್ರೇಕ್ ತುಳೀತಾರ. ನಿಲ್ಲವಲ್ದು, ನಿಲ್ಲವಲ್ದು ಅಂತಾರ. ಎಬ್ಬಿಸಿದ್ರ, ಕಾಲು ಎಲ್ಲಿ ಅಂತ ಕೇಳ್ತಾರ. ಪ್ರತೀ ಸಲ ನಾನೇ ಹೇಳಬೇಕು.”

ಆಗಲಿ ಎಂದೆ. ಮತ್ತೆ ಹೋಗಿಲ್ಲ.